ಬಂದೂಕು ಇಳಿಸಿದವನ ಹೊಲವನ್ನು ಉಳುವವರಾರು?

(ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಲ್ಲಿ ರೈತರು ಹಾಗೂ ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನನ್ನಂಥವನನ್ನು ಈ ಸೀಮೆಗೆ ಕರೆಸಿದರೆ ಸಾಮಾನ್ಯವಾಗಿ ಮಾವಿನ ಬಗ್ಗೆಯೇ ಮಾತು. ಜಿಗಿಹುಳು, ಬೂದಿರೋಗ, ಹಣ್ಣಿನ ನೊಣ, ಕೊನೆಗೆ ದರ ಕುಸಿತ. ಈ ಸಲ ನಿಮ್ಮ ಊರಿನ ಯುವಕರು ನನಗೆ ಬೇರೊಂದು ವಿಷಯವನ್ನು ಕೊಟ್ಟಿದ್ದಾರೆ. ನೈತಿಕ ಕಾರಣಕ್ಕಾಗಿ ಆಯುಧವನ್ನು ಕೆಳಗಿಡುವ ಸೈನಿಕನನ್ನು ಸಮಾಜ ಬೆಂಬಲಿಸಬೇಕೇ ಎಂಬುದು ಅವರ ಪ್ರಶ್ನೆ. ಕೃಷಿ ವಿಜ್ಞಾನಿಗೂ ಈ ಪ್ರಶ್ನೆಗೂ ಏನು ಸಂಬಂಧವೆಂದು ನಾನು ಮೊದಲು ಹಿಂಜರಿದೆ. ಆಮೇಲೆ ಯೋಚಿಸಿದಾಗ ಸಂಬಂಧ ಬಹಳ ಹತ್ತಿರದ್ದು ಎನ್ನಿಸಿತು. ಪ್ರಪಂಚದ ಯಾವ ಸೈನ್ಯವನ್ನು ತೆಗೆದುಕೊಂಡರೂ ಅದರ ಸಾಲುಗಳಲ್ಲಿ ನಿಂತವರು ಹೆಚ್ಚಾಗಿ ರೈತರ ಮಕ್ಕಳು. ಅದರಲ್ಲೂ ಮಳೆ ನಂಬಿದ ಹೊಲದವರು, ಗುಡ್ಡಗಾಡಿನವರು. ಎರಡೆಕರೆ ಹೊಲ ಮನೆಮಂದಿಗೆಲ್ಲ ಅನ್ನ ಕೊಡದೆ ಹೋದಾಗ ಒಬ್ಬ ಮಗ ಸಮವಸ್ತ್ರ ತೊಡುತ್ತಾನೆ. ಅವನು ಬಂದೂಕು ಇಳಿಸಿದ ದಿನ ಆ ಎರಡೆಕರೆಯ ಗತಿ ಏನಾಗುತ್ತದೆ? ನಾನು ಇಂದು ಮಾತನಾಡಬೇಕೆಂದಿರುವುದು ಮುಖ್ಯವಾಗಿ ಆ ಎರಡೆಕರೆಯ ಬಗ್ಗೆ.

ಇಲ್ಲಿಗೆ ಬರುವ ದಾರಿಯಲ್ಲಿ ಒಂದು ಕೆರೆಯ ಏರಿಯ ಪಕ್ಕ ವೀರಗಲ್ಲೊಂದನ್ನು ಕಂಡು ಗಾಡಿ ನಿಲ್ಲಿಸಿದೆ. ನಿಮ್ಮ ಸೀಮೆಯಲ್ಲಿ ಇಂಥ ಕಲ್ಲುಗಳಿಗೆ ಬರವಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನ ಪಟ್ಟಿಕೆಯಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ತುರುಗಳನ್ನು ಬಿಡಿಸಲು, ಊರನ್ನು ಕಾಯಲು ಹೋರಾಡಿ ಮಡಿದವರಿಗೆ ನಮ್ಮ ಪೂರ್ವಿಕರು ಕಲ್ಲು ನೆಟ್ಟರು. ಅನೇಕ ಕಡೆ ಅವರ ಮನೆಯವರಿಗೆ ಭೂಮಿಯನ್ನೂ ಬಿಟ್ಟುಕೊಟ್ಟರು. ಕಲ್ಲಿನ ಜೊತೆಗೆ ಭೂಮಿ ಕೊಟ್ಟದ್ದನ್ನು ಗಮನಿಸಿ. ಸತ್ತವನ ಸಂಸಾರವನ್ನು ಊರು ಹೊರಬೇಕೆಂಬ ತಿಳಿವಳಿಕೆ ಅವರಿಗಿತ್ತು.

ಹೋರಾಡಲು ಒಲ್ಲೆನೆಂದವನಿಗೆ ಕಲ್ಲಿಲ್ಲವೇ? ಇದೆ, ಅದೂ ನಾಡಿನಲ್ಲೇ ಅತಿ ಎತ್ತರದ ಕಲ್ಲುಗಳಲ್ಲಿ ಒಂದು. ಶ್ರವಣಬೆಳಗೊಳದ ಬಾಹುಬಲಿ ಅಣ್ಣನನ್ನು ಗೆದ್ದ ಕ್ಷಣದಲ್ಲಿಯೇ ಗೆಲುವು ಬೇಡವೆಂದು ನಡೆದುಬಿಟ್ಟವನು. ಹತ್ತನೆಯ ಶತಮಾನದಲ್ಲಿ ಆ ವಿಗ್ರಹವನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿ ಎಂಬುದು ನನಗೆ ಯಾವಾಗಲೂ ಸೋಜಿಗದ ಸಂಗತಿ. ಆದರೆ ಬಾಹುಬಲಿ ಅರಸುಮಗ. ಗೆದ್ದ ಅರಸು ಬಿಟ್ಟುಕೊಟ್ಟರೆ ಅದಕ್ಕೆ ತ್ಯಾಗವೆಂದು ಹೆಸರು; ಹವಲ್ದಾರನೊಬ್ಬ ಬಿಟ್ಟರೆ ಅದಕ್ಕೆ ದಂಗೆ ಎಂದು ಹೆಸರು. ನನ್ನ ಮಾತು ಹವಲ್ದಾರನ ಕುರಿತು.

ಅದಕ್ಕೂ ಮುನ್ನ ನಿಮಗೆ ಹತ್ತಿರದ ಒಂದು ದಿನವನ್ನು ನೆನೆಯಬೇಕು. 1938ರ ಏಪ್ರಿಲ್ 25, ವಿದುರಾಶ್ವತ್ಥ. ಗೌರಿಬಿದನೂರು ಅಂದು ಕೋಲಾರ ಜಿಲ್ಲೆಗೇ ಸೇರಿತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾದ ಮೇಲೆ ಆಚೆಗೆ ಹೋಯಿತು. ಅದೇ ತಿಂಗಳಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಮಡಿದವರು ಮೂವತ್ತೆರಡು ಜನರೆಂಬುದು ಜನರ ನೆನಪು. ಸರಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಗಾಂಧೀಜಿ ವಲ್ಲಭಭಾಯಿ ಪಟೇಲರನ್ನೂ ಕೃಪಲಾನಿಯವರನ್ನೂ ಕಳುಹಿಸಿದರು, ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವಾಯಿತು, ವೇಪಾ ರಾಮೇಶಂ ಅವರ ವಿಚಾರಣಾ ಸಮಿತಿ ಕುಳಿತಿತು. ಇದೆಲ್ಲ ನಿಮ್ಮ ಪಠ್ಯಪುಸ್ತಕದಲ್ಲಿ ಬಂದಿರಬಹುದು. ನನ್ನ ಮನಸ್ಸು ಬೇರೆಡೆಗೆ ಹೋಗುತ್ತದೆ. ಅಂದು ಬಂದೂಕು ಹಿಡಿದಿದ್ದವರು ವಿಲಾಯಿತಿಯಿಂದ ಬಂದವರಲ್ಲ. ರಾಗಿ ಮುದ್ದೆ ಉಂಡು ಬೆಳೆದವರು, ಕನ್ನಡವನ್ನೋ ತೆಲುಗನ್ನೋ ಮಾತನಾಡುವವರು. ಎದುರಿಗಿದ್ದವರಲ್ಲಿ ಒಬ್ಬನ ಮುಖ ತನ್ನ ಸೋದರಮಾವನ ಮುಖದಂತೆ ಕಂಡಿರಲಾರದೇ? ಆಜ್ಞೆ ಕಿವಿಗೆ ಬಿದ್ದದ್ದಕ್ಕೂ ಬೆರಳು ಕುದುರೆಯನ್ನು ಒತ್ತಿದ್ದಕ್ಕೂ ನಡುವೆ ಒಂದು ಕ್ಷಣವಿತ್ತು. ಆ ಕ್ಷಣದಲ್ಲಿ ‘ಒಲ್ಲೆ’ ಎನ್ನುವುದು ಸಾಧ್ಯವಿತ್ತೇ?

ಸಾಧ್ಯವಿತ್ತು. ಎಂಟು ವರ್ಷಗಳ ಹಿಂದೆ, ಹೆಚ್ಚುಕಡಿಮೆ ಅದೇ ದಿನ, ದೂರದ ಪೇಶಾವರದಲ್ಲಿ ಕೆಲವರು ಹಾಗೆಂದಿದ್ದರು. ಅವರೂ ನನ್ನ ಹಾಗೆ ಗುಡ್ಡಗಾಡಿನವರು.

1930ರ ಏಪ್ರಿಲ್ 23. ಉಪ್ಪಿನ ಸತ್ಯಾಗ್ರಹದ ದಿನಗಳು. ನಮ್ಮ ಕಡೆಯ ಅಂಕೋಲೆಯಲ್ಲಿ ಉಪ್ಪು ತೆಗೆದು ಹತ್ತು ದಿನಗಳಾಗಿದ್ದವು. ಆ ದಿನ ಖಾನ್ ಅಬ್ದುಲ್ ಗಫಾರ್ ಖಾನರನ್ನು ಬಂಧಿಸಿದರು. ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಪಠಾಣರು ನೆರೆದರು. ಖಾನರ ಖುದಾಯಿ ಖಿದ್ಮತ್‌ಗಾರರು ಅಹಿಂಸೆಯ ಪ್ರತಿಜ್ಞೆ ತೊಟ್ಟವರು, ಬರಿಗೈಯವರು. ಅವರ ಎದುರಿಗೆ ತಂದು ನಿಲ್ಲಿಸಿದ್ದು ರಾಯಲ್ ಗಢವಾಲ್ ರೈಫಲ್ಸ್‌ನ ಎರಡನೆಯ ಬೆಟಾಲಿಯನ್ನಿನ ಸೈನಿಕರನ್ನು. ಈ ಆಯ್ಕೆಯ ಹಿಂದೆ ಲೆಕ್ಕಾಚಾರವಿತ್ತು. ಗಢವಾಲಿಗಳು ಹಿಂದೂಗಳು, ಪಠಾಣರು ಮುಸಲ್ಮಾನರು. ನಗರದಲ್ಲಿ ಮುಸಲ್ಮಾನರು ಹಿಂದೂಗಳನ್ನು ಪೀಡಿಸುತ್ತಿದ್ದಾರೆ, ಅವರನ್ನು ಕಾಪಾಡಲು ನೀವು ಹೋಗಬೇಕು ಎಂದು ಅಧಿಕಾರಿಗಳು ಮುಂಚೆಯೇ ಪಾಠ ಹೇಳಿದ್ದರು. ಹವಲ್ದಾರ್ ಚಂದ್ರಸಿಂಗ್ ಆ ಪಾಠವನ್ನು ನಂಬಲಿಲ್ಲ. ಇದು ಹಿಂದೂ–ಮುಸಲ್ಮಾನರ ಜಗಳವಲ್ಲ, ಸ್ವರಾಜ್ಯ ಕೇಳುವವರಿಗೂ ಕೊಡದವರಿಗೂ ನಡುವಿನ ಜಗಳ ಎಂದು ತನ್ನ ಜೊತೆಗಾರರಿಗೆ ಗುಟ್ಟಾಗಿ ತಿಳಿಸಿದ. ಗುಂಡು ಹಾರಿಸುವ ಆಜ್ಞೆ ಬಂದಾಗ, ಹಾರಿಸಬೇಡಿ ಎಂದು ಕೂಗಿದವನು ಅವನೇ. ಗಢವಾಲಿಗಳ ಬಂದೂಕುಗಳು ಕೆಳಗಿಳಿದವು. ಬೇರೆ ತುಕಡಿಗಳು ಬಂದು ಗುಂಡು ಹಾರಿಸಿದವು. ಉಕ್ಕಿನ ಕವಚದ ಮೋಟಾರುಗಳು ಜನರ ಮೇಲೆ ಹರಿದವು. ಸತ್ತವರ ಸಂಖ್ಯೆಯಲ್ಲಿ ಅಲ್ಲಿಯೂ ಸರಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಅಜಗಜಾಂತರ. ವಿಠಲಭಾಯಿ ಪಟೇಲರ ನೇತೃತ್ವದಲ್ಲಿ ಕಾಂಗ್ರೆಸ್ ನಡೆಸಿದ ವಿಚಾರಣೆಯ ವರದಿಯನ್ನು ಸರಕಾರ ನಿಷೇಧಿಸಿತು.

ಚಂದ್ರಸಿಂಗ್ ಹೆದರುಪುಕ್ಕಲನಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. 1914ರಲ್ಲಿ ಸೈನ್ಯ ಸೇರಿ ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲೂ ಮೆಸೊಪೊಟೇಮಿಯಾದಲ್ಲೂ ಹೋರಾಡಿದವನು. ಎದುರಿಗೆ ಶಸ್ತ್ರ ಹಿಡಿದವನಿದ್ದಾಗ ಹೋರಾಡಿದ್ದ. ಬರಿಗೈಯವರನ್ನು ಕೊಲ್ಲಲು ಒಪ್ಪಲಿಲ್ಲ. ಮರುದಿನ ಮತ್ತೆ ನಗರಕ್ಕೆ ಹೋಗಲು ಹೇಳಿದಾಗ ಅವರು ಸಾಮೂಹಿಕವಾಗಿ ಒಲ್ಲೆವೆಂದರು, ರಾಜೀನಾಮೆ ಬರೆದುಕೊಟ್ಟರು. ಓಡಿಹೋಗಲಿಲ್ಲ, ಆಯುಧಗಳನ್ನು ಒಪ್ಪಿಸಿ ನಿಂತರು. ಸರಕಾರಕ್ಕೆ ಎಷ್ಟು ಗಾಬರಿಯಾಯಿತೆಂದರೆ ಸೈನ್ಯವನ್ನೇ ನಗರದಿಂದ ಹಿಂತೆಗೆದುಕೊಂಡಿತು. ಮೇ 4ರವರೆಗೆ ಪೇಶಾವರ ಜನರ ಕೈಯಲ್ಲಿಯೇ ಇತ್ತು. ಅಬ್ಬೊಟಾಬಾದಿನಲ್ಲಿ ಸೇನಾ ನ್ಯಾಯಾಲಯ ಕುಳಿತಿತು. ಗಢವಾಲದವರೇ ಆದ ಬ್ಯಾರಿಸ್ಟರ್ ಮುಕುಂದಿಲಾಲ್ ಆರೋಪಿಗಳ ಪರವಾಗಿ ವಾದಿಸಿದರು. ಚಂದ್ರಸಿಂಗನಿಗೆ ಜೀವಾವಧಿ, ಒಬ್ಬನಿಗೆ 15 ವರ್ಷ, ಇನ್ನುಳಿದ ಹದಿನೈದು ಜನರಿಗೆ 3ರಿಂದ 10 ವರ್ಷ ಶಿಕ್ಷೆಯಾಯಿತು. ಚಂದ್ರಸಿಂಗನ ಆಸ್ತಿಯೂ ಜಪ್ತಿಯಾಯಿತು.

ಜನರ ಬೆಂಬಲ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ಬೇಕಾದಷ್ಟಿತ್ತು. ದೇಶದ ಅನೇಕ ಊರುಗಳಲ್ಲಿ ಗಢವಾಲ್ ದಿನವನ್ನು ಆಚರಿಸಿದರು, ಮೆರವಣಿಗೆ ತೆಗೆದರು, ಜಯಕಾರ ಹಾಕಿದರು. ಮುಂದಿನ ವರ್ಷ, 1931ರ ಮಾರ್ಚಿನಲ್ಲಿ, ಗಾಂಧೀಜಿ ಮತ್ತು ವೈಸ್‌ರಾಯ್ ಇರ್ವಿನ್ನರ ನಡುವೆ ಒಪ್ಪಂದವಾಯಿತು. ಸತ್ಯಾಗ್ರಹಿಗಳನ್ನು ಸೆರೆಮನೆಗಳಿಂದ ಬಿಟ್ಟರು. ಆದರೆ ಆಜ್ಞೆಯನ್ನು ಮೀರಿದ ಸೈನಿಕರಿಗೂ ಪೊಲೀಸರಿಗೂ ಈ ಕ್ಷಮೆ ಅನ್ವಯಿಸದು ಎಂಬ ಸಾಲು ಒಪ್ಪಂದದಲ್ಲಿಯೇ ಇತ್ತು. ಜಯಕಾರ ಹಾಕಿದವರು ಮನೆಗೆ ಬಂದರು. ಯಾರಿಗಾಗಿ ಜಯಕಾರ ಹಾಕಿದ್ದರೋ ಅವರು ಒಳಗೇ ಉಳಿದರು. ಚಂದ್ರಸಿಂಗ್ ಹೊರಬಂದದ್ದು 1941ರಲ್ಲಿ, ಹನ್ನೊಂದು ವರ್ಷಗಳ ನಂತರ. ಆಗಲೂ ಅವನಿಗೆ ತನ್ನ ಗಢವಾಲಕ್ಕೆ ಹೋಗುವ ಅನುಮತಿ ಇರಲಿಲ್ಲ. 1942ರ ಚಳವಳಿಯಲ್ಲಿ ಮತ್ತೆ ಸೆರೆಮನೆ. ತನ್ನ ಬೆಟ್ಟಗಳಿಗೆ ಮರಳಲು 1946 ಬರಬೇಕಾಯಿತು.

ಗಾಂಧೀಜಿ ಏಕೆ ಹಾಗೆ ಒಪ್ಪಿದರು? ಇದನ್ನು ಮುಚ್ಚಿಡುವುದು ಸರಿಯಲ್ಲ. ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದಾಗ ಫ್ರೆಂಚ್ ಪತ್ರಕರ್ತನೊಬ್ಬ ಅವರನ್ನು ನೇರವಾಗಿ ಕೇಳಿದ. ಸೈನಿಕನಾಗಿ ಪ್ರಮಾಣ ಮಾಡಿದವನು ಆಜ್ಞೆ ಮೀರಿದರೆ ಪ್ರಮಾಣಭಂಗದ ದೋಷಕ್ಕೆ ಗುರಿಯಾಗುತ್ತಾನೆ, ನಾಳೆ ಅಧಿಕಾರ ನಮ್ಮ ಕೈಗೆ ಬಂದಾಗ ಇದೇ ಸೈನಿಕರನ್ನು ನಾವೂ ಬಳಸಬೇಕಾದೀತು, ಇಂದು ಅವಿಧೇಯತೆ ಕಲಿಸಿದರೆ ನಾಳೆ ನಮಗೂ ಅದೇ ಎದುರಾದೀತು ಎಂಬ ಅರ್ಥದ ಉತ್ತರವನ್ನು ಅವರು ಕೊಟ್ಟರು. ಗುಂಡು ಹಾರಿಸಲಾಗದವನು ಮೊದಲು ಕೆಲಸ ಬಿಡಬೇಕು, ಕೆಲಸದಲ್ಲಿದ್ದು ಆಜ್ಞೆ ಮೀರಬಾರದು ಎಂಬುದು ಅವರ ನಿಲುವು. ಗಾಂಧೀಜಿಯವರ ಬಗ್ಗೆ ನನಗಿರುವ ಗೌರವಕ್ಕೆ ಇದರಿಂದ ಕುಂದಿಲ್ಲ. ಆದರೆ ಈ ಉತ್ತರವನ್ನು ಎಷ್ಟು ಸಲ ಓದಿದರೂ ನನಗೆ ಒಪ್ಪಿಗೆಯಾಗದು. ಆಜ್ಞೆ ಬಂದಿದೆ, ಎದುರಿಗೆ ಜನ ನಿಂತಿದ್ದಾರೆ; ಆಗ ರಾಜೀನಾಮೆ ಬರೆಯಲು ಕಾಗದ ಹುಡುಕುವುದೇ? ಆದರೂ ಅವರ ಭಯದಲ್ಲಿ ಸತ್ಯಾಂಶವಿದೆ. ಅದಕ್ಕೆ ಮತ್ತೆ ಬರುತ್ತೇನೆ.

ಚಂದ್ರಸಿಂಗನ ನೆರೆಯ ಟೆಹರಿ ಸಂಸ್ಥಾನದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಪತ್ರಿಕೆಯ ಓದುಗರಿಗೆ ಅದು ತೀರ ಹತ್ತಿರದ್ದು. ಪೇಶಾವರದ ಘಟನೆ ನಡೆದು ಐದು ವಾರಗಳಾಗಿದ್ದವು. ಅರಣ್ಯದ ಗಡಿಯನ್ನು ಮನೆ ಹೊಲಗಳ ತನಕ ಎಳೆದುದನ್ನು ವಿರೋಧಿಸಿ ಮೇ 30ರಂದು ಯಮುನೆಯ ದಂಡೆಯ ತಿಲಾಡಿಯಲ್ಲಿ ಹಳ್ಳಿಗರು ಸಭೆ ಸೇರಿದ್ದರು. ಸಂಸ್ಥಾನದ ಸೈನಿಕರು ಅವರನ್ನು ಸುತ್ತುವರಿದು ಗುಂಡು ಹಾರಿಸಿದರು. ಒಂದೇ ಬೆಟ್ಟಸಾಲಿನ ಮಕ್ಕಳು, ಒಂದೇ ವರ್ಷ. ಪೇಶಾವರದಲ್ಲಿ ಪರಊರಿನ, ಪರಧರ್ಮದ ಜನರ ಮೇಲೆ ಒಲ್ಲೆವೆಂದ ಬಂದೂಕು ಇಲ್ಲಿ ಸ್ವಂತ ನೆಲದವರ ಮೇಲೆ ಹಾರಿತು. ಮುಂದೆ 1974ರಲ್ಲಿ ರೇಣಿಯ ಗೌರಾದೇವಿ, ಬಂದೂಕು ತೋರಿಸಿದವನ ಎದುರಿಗೆ ಎದೆಯೊಡ್ಡಿ ನಿಂತು ಮರಗಳನ್ನು ಉಳಿಸಿಕೊಂಡಾಗ ಆಕೆಯ ಹಿಂದೆ ಈ ಎರಡೂ ನೆನಪುಗಳಿದ್ದವೆಂದೇ ನನ್ನ ಭಾವನೆ. 1983ರ ಸೆಪ್ಟೆಂಬರಿನಲ್ಲಿ ನಮ್ಮ ಶಿರಸಿಯ ಸಾಲ್ಕಣಿಯವರು ಮರಗಳನ್ನು ಅಪ್ಪಿಕೊಂಡದ್ದು ಆ ಬೆಟ್ಟಗಳಿಂದ ಕಲಿತ ಪಾಠದಿಂದ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಚಂದ್ರಸಿಂಗನ ಜಮೀನು ಜಪ್ತಿಯಾದಾಗ ಏನಾಗಬಹುದಿತ್ತು? ಇದಕ್ಕೆ ಉತ್ತರವನ್ನು ನಮ್ಮ ಉತ್ತರ ಕನ್ನಡದ ರೈತರು ಅದೇ ಕಾಲದಲ್ಲಿ ಬರೆದಿಟ್ಟಿದ್ದಾರೆ.

1930ರ ದಶಕದ ಮೊದಲ ವರ್ಷಗಳಲ್ಲಿ ಅಂಕೋಲಾ ಮತ್ತು ಸಿದ್ದಾಪುರ ಕಡೆಗಳಲ್ಲಿ ಕರನಿರಾಕರಣೆ ನಡೆಯಿತು. ಬೆಳೆ ಹೋಗಿತ್ತು, ದರ ಬಿದ್ದಿತ್ತು, ಕಂದಾಯ ಕೊಡುವುದಿಲ್ಲವೆಂದರು. ಸರಕಾರ ತೋಟ ಗದ್ದೆಗಳನ್ನು, ದನಕರುಗಳನ್ನು, ಪಾತ್ರೆಪಗಡಗಳನ್ನು ಹರಾಜಿಗೆ ಹಾಕಿತು. ಹರಾಜು ಕೂಗಿದರೆ ಕೊಳ್ಳುವವರೇ ಇಲ್ಲದಂತೆ ಊರುಗಳು ಕಟ್ಟುಪಾಡು ಮಾಡಿಕೊಂಡವು. ಆದರೂ ಆಸೆಗೆ ಬಿದ್ದು ಕೊಂಡವರಿದ್ದರು. ಸಿದ್ದಾಪುರ ಸೀಮೆಯ ಹೆಂಗಸರು ಜಪ್ತಿ ಆಸ್ತಿ ಕೊಂಡವರ ಮನೆಬಾಗಿಲಲ್ಲಿ ಉಪವಾಸ ಕುಳಿತರು. ಮಳೆಗಾಲದ ಮಲೆನಾಡಿನಲ್ಲಿ ಪರರ ಜಗಲಿಯ ಮೇಲೆ ಅನ್ನನೀರಿಲ್ಲದೆ ಕೂರುವುದು ಎಂದರೇನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆ ಕಳೆದುಕೊಂಡವರಿಗೆ ನೆಂಟರು, ನೆರೆಯವರು ಜಾಗ ಕೊಟ್ಟರು. ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದಮೇಲೆ ಆ ಜಮೀನುಗಳು ಮೂಲ ಒಡೆಯರಿಗೆ ಹಿಂದಿರುಗಿದವು. ನಾನು ಚಿಕ್ಕವನಿದ್ದಾಗ ಅಜ್ಜಿಯೊಬ್ಬರು ಒಂದು ಅಡಿಕೆ ತೋಟವನ್ನು ತೋರಿಸಿ ‘ಅದು ಹೋಗಿ ಬಂದ ತೋಟ’ ಎನ್ನುತ್ತಿದ್ದರು. ಆ ಮಾತಿನ ಅರ್ಥ ನನಗೆ ಬಹಳ ತಡವಾಗಿ ತಿಳಿಯಿತು.

ಕರನಿರಾಕರಿಸಿದ ರೈತನ ಹಿಂದೆ ಊರಿತ್ತು. ಗುಂಡು ನಿರಾಕರಿಸಿದ ಸೈನಿಕನ ಹಿಂದೆ ಮೆರವಣಿಗೆ ಇತ್ತು. ಬೆಂಬಲವೆಂಬ ಒಂದೇ ಶಬ್ದದಿಂದ ಎರಡನ್ನೂ ಕರೆಯುತ್ತೇವೆ. ಮೆರವಣಿಗೆ ಒಂದು ದಿನದ್ದು. ಊರು ಕಳೆ ಕೀಳುವ ಹೊತ್ತಿಗೂ ಇರುತ್ತದೆ.

ಊರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹೊರನಾಡಿನ ಒಬ್ಬ ರೈತನನ್ನು ನೆನೆಯುತ್ತೇನೆ. ಆಸ್ಟ್ರಿಯಾ ದೇಶದ ಸಾಂಕ್ಟ್ ರಾಡೆಗುಂಡ್ ಎಂಬ ಹಳ್ಳಿಯ ಫ್ರಾನ್ಸ್ ಯೇಗರ್‌ಸ್ಟೆಟ್ಟರ್. ಮೂರು ಹೆಣ್ಣುಮಕ್ಕಳ ತಂದೆ, ದನ ಕಟ್ಟಿ ಹೊಲ ಮಾಡುತ್ತಿದ್ದವನು. 1943ರಲ್ಲಿ ಹಿಟ್ಲರನ ಸೈನ್ಯಕ್ಕೆ ಕರೆ ಬಂದಾಗ, ಇದು ಅನ್ಯಾಯದ ಯುದ್ಧ, ನನ್ನ ಅಂತಃಸಾಕ್ಷಿ ಒಪ್ಪದು ಎಂದ. ಊರವರು ಬುದ್ಧಿ ಹೇಳಿದರು. ಧರ್ಮಗುರುಗಳೂ ಸಂಸಾರದ ಕರ್ತವ್ಯವನ್ನು ನೆನಪಿಸಿದರು. ಅದೇ ವರ್ಷ ಆಗಸ್ಟ್ 9ರಂದು ಅವನ ತಲೆ ಕಡಿದರು. ಹೆಂಡತಿ ಫ್ರಾನ್ಸಿಸ್ಕಾ ಮೂರು ಮಕ್ಕಳನ್ನು ಕಟ್ಟಿಕೊಂಡು ಹೊಲ ಮಾಡಿದಳು. ಗಂಡನ ಸಾವಿಗೆ ಅವಳ ಭಕ್ತಿಯೇ ಕಾರಣವೆಂದು ಊರು ಅವಳನ್ನೇ ದೂರಿತು. ಯುದ್ಧ ಮುಗಿದು, ಹಿಟ್ಲರ್ ಹೋದಮೇಲೂ, ಯುದ್ಧದಲ್ಲಿ ಸತ್ತವರ ವಿಧವೆಯರಿಗೆ ಸಿಗುತ್ತಿದ್ದ ಪಿಂಚಣಿ ಅವಳಿಗೆ ಸಿಕ್ಕಿದ್ದು 1950ರಲ್ಲಿ. 2007ರಲ್ಲಿ ಕ್ಯಾಥೋಲಿಕ್ ಚರ್ಚು ಅವನನ್ನು ಪುಣ್ಯಪುರುಷನೆಂದು ಘೋಷಿಸಿತು. ಆಗ ಆಕೆಗೆ ತೊಂಬತ್ತು ದಾಟಿತ್ತು. ನಮ್ಮ ಚಂದ್ರಸಿಂಗನಿಗೂ ಹಾಗೆಯೇ. ಅವನು 1979ರಲ್ಲಿ ತೀರಿಕೊಂಡ. 1994ರಲ್ಲಿ ಅವನ ಅಂಚೆಚೀಟಿ ಬಂದಿತು. ಗೌರವ ತಡವಾದರೂ ಬರುತ್ತದೆ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಆಗಸ್ಟ್ ತಿಂಗಳಿನಲ್ಲಿ ಕೊಯ್ಲಿಗೆ ಆಳಿಲ್ಲದೆ ಒಬ್ಬಳೇ ನಿಂತ ಹೆಂಗಸಿಗೆ ಅರವತ್ತು ವರ್ಷಗಳ ನಂತರದ ಗೌರವದಿಂದ ಏನು ಪ್ರಯೋಜನವೆಂದು ನನಗೆ ತೋಚುವುದಿಲ್ಲ.

ಈಗ ಗಾಂಧೀಜಿಯವರ ಭಯಕ್ಕೆ ಬರೋಣ. ಈ ಸಭೆಯಲ್ಲಿ ಮಗನನ್ನೋ ತಮ್ಮನನ್ನೋ ಸೈನ್ಯಕ್ಕೆ ಕಳುಹಿಸಿದವರು ಇರಬಹುದು. ಹಿಮದಲ್ಲಿ ಗಡಿ ಕಾಯುವವನನ್ನು ಹಗುರ ಮಾಡಲು ನನ್ನ ಮಾತನ್ನು ಯಾರೂ ಬಳಸಬಾರದು. ಸೈನಿಕರು ತಮಗೆ ಒಪ್ಪಿಗೆಯಾದ ಆಜ್ಞೆಯನ್ನಷ್ಟೇ ಪಾಲಿಸಿದರೆ ಗತಿಯೇನು? ಗಲಭೆಯಲ್ಲಿ ಸಿಕ್ಕಿಬಿದ್ದ ಬಡವರನ್ನು ಕಾಪಾಡೆಂದಾಗ, ಅವರು ನನ್ನ ಜಾತಿಯವರಲ್ಲ, ನನ್ನ ಮನಸ್ಸಾಕ್ಷಿ ಒಪ್ಪದು ಎಂದು ಒಬ್ಬ ಹೇಳಿದರೆ? ಇದು ಪೊಳ್ಳು ಭಯವಲ್ಲ.

ನನಗೆ ತಿಳಿದಮಟ್ಟಿಗೆ, ಒಂದು ನಿರಾಕರಣೆ ಎಂಥದೆಂದು ಅರಿಯಲು ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂದು ನೋಡಬೇಕು. ಚಂದ್ರಸಿಂಗನ ನಿರಾಕರಣೆಯಿಂದ ಎದುರಿಗಿದ್ದವರ ಜೀವ ಉಳಿಯಿತು, ಬೆಲೆಯನ್ನು ಅವನೇ ತೆತ್ತ. ಕಾಪಾಡೆನ್ನುವಾಗ ಕೈಕಟ್ಟಿ ನಿಲ್ಲುವವನ ನಿರಾಕರಣೆಗೆ ಬೆಲೆ ತೆರುವವರು ಕಾಪಾಡಲ್ಪಡಬೇಕಾದವರು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟದ್ದು ಆ ಉತ್ತರದ ತೊಡಕು. ಅಮೆರಿಕದ ಲೆಫ್ಟಿನೆಂಟ್ ಎರೆನ್ ವಟಾಡಾ 2006ರಲ್ಲಿ ಇರಾಕಿಗೆ ಹೋಗಲು ಒಲ್ಲೆನೆಂದಾಗಲೂ ಇದೇ ಚರ್ಚೆಯಾಯಿತು. ಆತನೂ ಯುದ್ಧವನ್ನೇ ಒಲ್ಲೆನೆಂದವನಲ್ಲ. ಅಫ್ಘಾನಿಸ್ತಾನಕ್ಕೆ ಕಳುಹಿಸಿ, ಹೋಗುತ್ತೇನೆ ಎಂದಿದ್ದ. ಇರಾಕ್ ಯುದ್ಧ ಕಾನೂನುಬಾಹಿರ ಎಂಬುದು ಅವನ ವಾದ. ಸೇನಾ ನ್ಯಾಯಾಲಯದ ವಿಚಾರಣೆ 2007ರಲ್ಲಿ ಅರ್ಧಕ್ಕೇ ಮುರಿದುಬಿತ್ತು, 2009ರಲ್ಲಿ ಅವನನ್ನು ಸೈನ್ಯದಿಂದ ಬಿಡುಗಡೆ ಮಾಡಿದರು. ಆ ಮೂರು ವರ್ಷ ಹೊರಗೆ ಅವನ ಪರವಾಗಿ ಜನ ನಿಂತಿದ್ದರು.

ನಮ್ಮ ಕಾನೂನು ಏನೆನ್ನುತ್ತದೆ ಎಂದು ವಿದ್ಯಾರ್ಥಿಗಳು ತಿಳಿದಿರಬೇಕು. 1950ರ ಸೇನಾ ಕಾಯಿದೆಯ 41ನೆಯ ಕಲಮಿನಂತೆ ಮೇಲಧಿಕಾರಿಯ ಆಜ್ಞೆಯನ್ನು ಮೀರಿದವನಿಗೆ 14 ವರ್ಷಗಳವರೆಗೆ ಸೆರೆಮನೆವಾಸ ವಿಧಿಸಬಹುದು. ದಂಗೆಯಾದರೆ 37ನೆಯ ಕಲಮಿನಂತೆ ಮರಣದಂಡನೆಯವರೆಗೂ ಹೋಗಬಹುದು. ಆದರೆ 41ನೆಯ ಕಲಮು ಹೇಳುವುದು ‘ನ್ಯಾಯಬದ್ಧ ಆಜ್ಞೆ’ಯನ್ನು ಕುರಿತು. ಆ ವಿಶೇಷಣ ಸುಮ್ಮನೆ ಕುಳಿತಿಲ್ಲ. ಹಳೆಯ ದಂಡಸಂಹಿತೆಯ 76ನೆಯ ಕಲಮಿನಲ್ಲಿ ಒಂದು ಉದಾಹರಣೆಯಿತ್ತು: ಕಾನೂನಿಗೆ ಅನುಗುಣವಾಗಿ ಮೇಲಧಿಕಾರಿ ಕೊಟ್ಟ ಆಜ್ಞೆಯಂತೆ ಗುಂಪಿನ ಮೇಲೆ ಗುಂಡು ಹಾರಿಸಿದ ಸೈನಿಕ ಅಪರಾಧಿಯಲ್ಲ ಎಂದು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 14ನೆಯ ಕಲಮಿನಲ್ಲೂ ಅದೇ ಉದಾಹರಣೆ ಮುಂದುವರಿದಿದೆ. ಅಲ್ಲಿಯೂ ‘ಕಾನೂನಿಗೆ ಅನುಗುಣವಾಗಿ’ ಎಂಬ ಮಾತಿದೆ. ಅನುಗುಣವೋ ಅಲ್ಲವೋ ಎಂಬುದನ್ನು ನ್ಯಾಯಾಲಯ ವರ್ಷಗಟ್ಟಲೆ ಕುಳಿತು ತೀರ್ಮಾನಿಸುತ್ತದೆ; ಸೈನಿಕನಿಗೆ ಇರುವುದು ಒಂದು ಉಸಿರಿನಷ್ಟು ಹೊತ್ತು.

ಅದರ ಮೇಲೆ ಹೊಟ್ಟೆಯ ಪ್ರಶ್ನೆ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯ ನಿಯಮದಂತೆ ಸೇರಿದವರು ನಾಲ್ಕು ವರ್ಷ ಸೇವೆ ಮಾಡಬೇಕು. ಬಳಿಕ ನಾಲ್ವರಲ್ಲಿ ಹೆಚ್ಚೆಂದರೆ ಒಬ್ಬನನ್ನು ಉಳಿಸಿಕೊಳ್ಳುತ್ತಾರೆ. ಉಳಿಯುವ ಆ ಒಬ್ಬ ನಾನಾಗಬೇಕೆಂದು ನಾಲ್ವರೂ ಹಗಲಿರುಳು ದುಡಿಯುವಾಗ, ತಪ್ಪು ಆಜ್ಞೆಯೊಂದು ಬಂದರೆ ಬಾಯಿ ತೆರೆಯುವ ಧೈರ್ಯ ಯಾರಿಗೆ ಬಂದೀತು?

ಇತ್ತೀಚಿನ ಒಂದು ಕನ್ನಡದ ಸಂಗತಿಯೂ ಇದೆ. ಕಲಬುರಗಿ ಜಿಲ್ಲೆಯ ಕೆಲವು ಯುವಕರನ್ನು ಭದ್ರತಾ ಕೆಲಸವೆಂದು ನಂಬಿಸಿ ರಷ್ಯಾಕ್ಕೆ ಕರೆದೊಯ್ದು, ಉಕ್ರೇನ್ ಯುದ್ಧದ ರಣರಂಗಕ್ಕೆ ನೂಕಿದರು. ಅವರ ಜೊತೆಗಿದ್ದ ಗುಜರಾತಿನ ಯುವಕನೊಬ್ಬ 2024ರ ಫೆಬ್ರವರಿಯಲ್ಲಿ ಡ್ರೋನ್ ದಾಳಿಗೆ ಬಲಿಯಾದ. ನಮಗೆ ಈ ಯುದ್ಧ ಬೇಡ, ನಮ್ಮನ್ನು ಕರೆಸಿಕೊಳ್ಳಿ ಎಂದು ಅವರು ಮೊಬೈಲಿನಲ್ಲಿ ಮೊರೆಯಿಟ್ಟರು. ಇದು ಚಂದ್ರಸಿಂಗನಂಥ ನಿರಾಕರಣೆ ಎಂದು ನಾನು ಹೇಳುವುದಿಲ್ಲ. ಮೋಸಹೋದವರ ಆರ್ತನಾದ ಅದು. ಆದರೆ ಊರಿನ ಕೆಲಸವನ್ನು ಅಲ್ಲಿ ನೋಡಿ. ತಂದೆತಾಯಿಗಳು ಜನಪ್ರತಿನಿಧಿಗಳ ಬಾಗಿಲಿಗೆ ಅಲೆದರು, ಪತ್ರಿಕೆಗಳು ಬರೆದವು, ವಿಷಯ ದೆಹಲಿಗೆ ಹೋಯಿತು. ಜುಲೈನಲ್ಲಿ ಮಾಸ್ಕೋದಲ್ಲಿ ಎರಡು ದೇಶಗಳ ನಾಯಕರ ಮಾತುಕತೆಯಾಯಿತು. ಸೆಪ್ಟೆಂಬರಿನಲ್ಲಿ ಅವರು ಮನೆಗೆ ಬಂದರು. ಹಿಂದೆ ಗಲಾಟೆ ಮಾಡುವವರಿರಲಿಲ್ಲವೆಂದರೆ ಅವರ ಗತಿಯನ್ನು ಯಾರು ಕೇಳುತ್ತಿದ್ದರು?

ಇಷ್ಟೆಲ್ಲ ಸೈನಿಕನಿಗೆ ಉಪದೇಶ ಹೇಳಿದ ಮೇಲೆ ನನ್ನದೊಂದು ಲೆಕ್ಕವನ್ನೂ ಒಪ್ಪಿಸಬೇಕು. ಬಹಳ ವರ್ಷಗಳ ಹಿಂದೆ ನಾನೊಂದು ಸಂಸ್ಥೆಯಲ್ಲಿ ಕಿರಿಯ ಸಂಶೋಧಕನಾಗಿದ್ದೆ. ಸಂಸ್ಥೆಯ ಹೆಸರು ಬೇಡ. ಏಲಕ್ಕಿಗೆ ಸಿಂಪಡಿಸುವ ಒಂದು ಕೀಟನಾಶಕದ ಪ್ರಯೋಗ. ಏಲಕ್ಕಿ ಹೂವು ಕಾಯಿಕಟ್ಟಲು ಜೇನುಹುಳುವೇ ಬೇಕು. ಆದ್ದರಿಂದ ಗಿಡದ ಬುಡದಲ್ಲಿ ಸತ್ತು ಬಿದ್ದ ಜೇನುಹುಳುಗಳನ್ನು ನಾನು ದಿನವೂ ಎಣಿಸಿ ಬರೆದಿಡುತ್ತಿದ್ದೆ. ವರದಿ ಬರೆಯುವಾಗ ಆ ಕಲಮನ್ನು ಬಿಡು ಎಂದು ಮೇಲಿನವರು ಹೇಳಿದರು. ಬಿಟ್ಟೆ. ನನ್ನ ಎದೆಗೆ ಯಾರೂ ಬಂದೂಕು ಹಿಡಿದಿರಲಿಲ್ಲ. ಸೇನಾ ನ್ಯಾಯಾಲಯ ಕುಳಿತಿರಲಿಲ್ಲ. ಹೆಚ್ಚೆಂದರೆ ವರ್ಗಾವಣೆ ಆಗುತ್ತಿತ್ತು. ಸಂಜೆ ಮನೆಗೆ ಬಂದು ಊಟ ಮಾಡಿದೆ, ಊಟ ರುಚಿಯಾಗಿಯೇ ಇತ್ತು. ಎರಡು ವರ್ಷಗಳ ನಂತರ ನಮ್ಮೂರಿನ ಜೇನು ಸಾಕುವ ಹಿರಿಯರೊಬ್ಬರು ಆ ಶಿಫಾರಸಿನ ಪುಸ್ತಿಕೆಯನ್ನು ಹಿಡಿದುಕೊಂಡು ಬಂದು ‘ತಮಾ, ಇದ್ರಲ್ಲಿ ಜೇನಿನ ಸುದ್ದಿನೇ ಇಲ್ಯಲಾ?’ ಎಂದು ಕೇಳಿದರು. ನಾನು ಮಳೆಯ ಮಾತು ತೆಗೆದೆ.

ಅಂದು ನನ್ನ ಹಿಂದೆ ಊರಿತ್ತೇ ಎಂದು ಆಮೇಲೆ ಅನೇಕ ಸಲ ಯೋಚಿಸಿದ್ದೇನೆ. ಬಹುಶಃ ಇತ್ತು; ನಾನು ಕೇಳಲಿಲ್ಲ. ಇಲ್ಲಿ ಕುಳಿತ ವಿದ್ಯಾರ್ಥಿಗಳಲ್ಲಿ ಸೈನ್ಯಕ್ಕೆ ಹೋಗುವವರು ಕೆಲವರು. ಗುಮಾಸ್ತರು, ಸರ್ವೆಯರು, ಅರಣ್ಯ ರಕ್ಷಕರು, ಪೊಲೀಸರು ಆಗುವವರು ಬಹಳ. ಕೆರೆಯ ಒತ್ತುವರಿಯನ್ನು ನಕ್ಷೆಯಲ್ಲಿ ತೋರಿಸಬೇಡವೆಂಬ ಆಜ್ಞೆ ನಿಮಗೂ ಬರುತ್ತದೆ. ಕೋಲಾರ ಸೀಮೆಯಲ್ಲಿ ಕೆರೆಯ ಮಾತು ಎಷ್ಟು ಗಂಭೀರವೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಹಿರಿಯರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಮಗನೊಬ್ಬ ಎಂದಾದರೂ ‘ನನ್ನಿಂದ ಇದು ಆಗಲಿಲ್ಲ’ ಎಂದು ಕೆಲಸ ಕಳೆದುಕೊಂಡು ಬಸ್ಸಿಳಿದರೆ, ಅವನು ಮಾಡಿದ್ದು ಸರಿಯೋ ತಪ್ಪೋ ಎಂಬ ಪಂಚಾಯಿತಿಯನ್ನು ಮೊದಲು ಹೂಡಬೇಡಿ. ಅದಕ್ಕೆ ಕಾಲವಿದೆ, ಕಟುವಾಗಿಯೇ ಕೇಳಿ. ಮೊದಲು ಅವನ ಮನೆಯಲ್ಲಿ ಬಿತ್ತನೆಗೆ ರಾಗಿ ಇದೆಯೇ ನೋಡಿ. ಹಸುವಿನ ಹಾಲು ಡೇರಿಗೆ ಹೋಗುತ್ತಿದೆಯೇ, ಸೊಸೈಟಿಯ ಸಾಲದ ಕಂತು ಯಾವಾಗಿದೆ ಎಂದು ವಿಚಾರಿಸಿ. ವಕೀಲರ ಖರ್ಚಿಗೆ ನಾಲ್ಕು ಮನೆಯವರು ಸೇರಿ. ಅವನ ಮಕ್ಕಳನ್ನು ಶಾಲೆಯಲ್ಲಿ ಯಾರೂ ಹೀಯಾಳಿಸದಂತೆ ನೋಡಿಕೊಳ್ಳಿ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟು ಮುಗಿಸುತ್ತೇನೆ. ಪೇಶಾವರದ್ದು ಏಪ್ರಿಲ್ 23, ವಿದುರಾಶ್ವತ್ಥದ್ದು ಏಪ್ರಿಲ್ 25. ಮುಂದಿನ ಏಪ್ರಿಲಿನಲ್ಲಿ ಆ ಎರಡರ ನಡುವಿನ ದಿನ ಹೊರಟು, ಚಿಂತಾಮಣಿ, ಚಿಕ್ಕಬಳ್ಳಾಪುರದ ಮೇಲೆ ಗೌರಿಬಿದನೂರಿಗೆ ಹೋಗೋಣ. ಸ್ಮಾರಕದ ಮುಂದೆ ಫೋಟೋ ತೆಗೆದುಕೊಂಡು ಬರುವುದಷ್ಟೇ ಆದರೆ ನಾನು ಬರುವುದಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಎರಡು ದಿನ ಉಳಿದು, ಮಡಿದವರ ಮನೆಯವರನ್ನೂ ಆ ಕಾಲದ ಪೊಲೀಸರ ಮೊಮ್ಮಕ್ಕಳನ್ನೂ ಕಂಡು, ಅಜ್ಜ ಏನು ಹೇಳುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಬೇಕು. ಬಂದೂಕಿನ ತುದಿಯನ್ನು ಆಕಾಶಕ್ಕೆ ಎತ್ತಿದವರು ಇದ್ದರೇ ಎಂದೂ ಕೇಳಬೇಕು; ಒರಟಾಗಿ ಬೇಡ, ಅವರ ಮನೆಯಲ್ಲಿ ಕುಳಿತು, ಅವರು ಕೊಟ್ಟ ನೀರು ಕುಡಿದು ಕೇಳಬೇಕು. ಬುತ್ತಿ, ಹೊದಿಕೆ ನೀವೇ ತರಬೇಕು. ಬರುವವರು ಇಂದೇ ಹೆಸರು ಬರೆಸಿ ಹೋಗಿ.

ಮಾವಿನ ಪ್ರಶ್ನೆಗಳಿರುವವರು ಸಭೆ ಮುಗಿದ ಮೇಲೆ ಉಳಿಯಿರಿ. ಬರುವಾಗ ಎರಡು ತೋಟಗಳಲ್ಲಿ ಹೂಗೊಂಚಲು ನೋಡಿದೆ, ಜಿಗಿಹುಳು ಕಾಣಿಸಿಕೊಂಡಿದೆ. ಹೂವು ಅರಳಿರುವಾಗ ಸಿಂಪಡಣೆ ಮಾಡಬೇಡಿ, ಜೇನು ಓಡಾಡುತ್ತಿದೆ.